ಯಾವ ಕಲರ್ ಸ್ಪೇಸ್ ಆರಿಸಬೇಕು? ಹೈಲೈಟ್ ಕ್ಲಿಪ್ಪಿಂಗ್‌ನ ಕಡೆಯಿಂದ ಒಂದು ಹೋಲಿಕೆ

ಫೋಟೋ ಎಡಿಟ್ ಮಾಡುವಾಗ ಹಿಸ್ಟೋಗ್ರಾಂ (ಚಿತ್ರದಲ್ಲಿ ಕತ್ತಲು-ಬೆಳಕು ಹಂಚಿಹೋಗಿರುವುದನ್ನು ತೋರಿಸುವ ನಕ್ಷೆ) ಬಲತುದಿಗೆ ಒತ್ತಿಕೊಂಡು ನಿಂತು, ಮೂಲೆಯಲ್ಲಿರುವ ಎಚ್ಚರಿಕೆಯ ತ್ರಿಕೋನ ಹೊತ್ತಿಕೊಂಡರೆ, ಹೆಚ್ಚಿನವರು ತಕ್ಷಣ ಎಕ್ಸ್‌ಪೋಶರ್ ಸ್ಲೈಡರನ್ನು ಎಡಕ್ಕೆ ಎಳೆಯುತ್ತಾರೆ. ಬೆಳಕು ಅತಿಯಾಗಿ ಬಿದ್ದ ಬಿಳಿ ಮೋಡಕ್ಕೆ ಅದು ಸರಿಯಾದ ಮದ್ದು. ಆದರೆ ಬಿಸಿಲಿನಲ್ಲಿ ತೆಗೆದ ಕೆಂಪು ಹೂವಿಗೂ ಅದೇ ಮದ್ದನ್ನು ಹಾಕಿದರೆ ಇಡೀ ಫೋಟೋ ಮಂಕಾಗುತ್ತದೆ, ತೊಂದರೆಯ ಒಂದು ಭಾಗ ಮಾತ್ರ ಹಾಗೆಯೇ ಉಳಿಯುತ್ತದೆ. ಮೋಡದಲ್ಲಿ ಮಿತಿ ಮೀರಿದ್ದು ಬೆಳಕು. ಹೂವಿನಲ್ಲಿ ಮಿತಿ ಮೀರಿದ್ದು ಬಣ್ಣ. ತ್ರಿಕೋನಕ್ಕೆ ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲ. ಯಾವುದೋ ಒಂದು ಕಲರ್ ಸ್ಪೇಸ್‌ನ (ಅಂಕಿಗಳಿಗೆ ಬಣ್ಣದ ಅರ್ಥ ಕೊಡುವ ವ್ಯವಸ್ಥೆಯ) ಲೆಕ್ಕದಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳಲ್ಲಿ ಯಾವುದೋ ಒಂದು ತುದಿ ಮುಟ್ಟಿದೆ ಎಂಬುದಷ್ಟನ್ನೇ ಅದು ಹೇಳುತ್ತದೆ.

ಆದ್ದರಿಂದ ಕಲರ್ ಸ್ಪೇಸ್ ಆರಿಸುವ ಪ್ರಶ್ನೆಯನ್ನು ಹೈಲೈಟ್ ಕ್ಲಿಪ್ಪಿಂಗ್‌ನ (ಅಂಕಿಗಳು ಮೇಲ್ತುದಿಯಲ್ಲಿ ಕತ್ತರಿಸಿ ವಿವರ ಕಳೆದುಹೋಗುವುದರ) ಪ್ರಶ್ನೆಯಿಂದ ಬೇರ್ಪಡಿಸಿ ನೋಡಲಾಗುವುದಿಲ್ಲ. ಎಸ್‌ಆರ್‌ಜಿಬಿ, ಅಡೋಬ್ ಆರ್‌ಜಿಬಿ, ಡಿಸ್‌ಪ್ಲೇ ಪಿ3 ಮತ್ತು ಪ್ರೊಫೋಟೋ ಆರ್‌ಜಿಬಿ ಎಂಬ ನಾಲ್ಕು ಆಯ್ಕೆಗಳನ್ನು ಇಲ್ಲಿ ಆ ಕಡೆಯಿಂದಲೇ ಹೋಲಿಸಲಾಗಿದೆ.

ನಾಲ್ಕು ಆಯ್ಕೆಗಳು

ಒಂದು ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಅಂಕಿಗಳು ತಾವಾಗಿಯೇ ಯಾವ ಬಣ್ಣವನ್ನೂ ಸೂಚಿಸುವುದಿಲ್ಲ. 8 ಬಿಟ್ ಲೆಕ್ಕದಲ್ಲಿ ಪ್ರತಿ ಅಂಕಿ 0ಯಿಂದ 255ರವರೆಗೆ ಇರುತ್ತದೆ; 255, 0, 0 ಎಂದರೆ ಆಯಾ ಸ್ಪೇಸ್‌ನಲ್ಲಿ ಸಾಧ್ಯವಿರುವ ಅತ್ಯಂತ ಗಾಢವೂ ಪ್ರಖರವೂ ಆದ ಕೆಂಪು ಎಂದಷ್ಟೇ ಅರ್ಥ. ಆ ಕೆಂಪು ನಿಜಕ್ಕೂ ಯಾವುದು ಎಂಬುದನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಮೂರು ಮೂಲವರ್ಣಗಳ ಸ್ಥಾನ, ಬಿಳಿಯ ಬಿಂದು (ಯಾವ ಬೆಳಕನ್ನು ಬಿಳಿ ಎನ್ನಬೇಕು ಎಂಬುದು) ಮತ್ತು ಕಪ್ಪಿನಿಂದ ಬಿಳಿಯವರೆಗೆ ಅಂಕಿಗಳನ್ನು ಹಂಚುವ ಟೋನ್ ಕರ್ವ್. ಈ ಮೂರರಲ್ಲಿ ಯಾವುದು ಬದಲಾದರೂ ಅದೇ ಅಂಕಿಗಳು ಬೇರೆ ಬಣ್ಣವಾಗುತ್ತವೆ.

ಎಸ್‌ಆರ್‌ಜಿಬಿಯನ್ನು 1996ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಮುಂದಿಟ್ಟವು. 1999ರಲ್ಲಿ ಅದು ಐಇಸಿ 61966-2-1 ಎಂಬ ಅಂತಾರಾಷ್ಟ್ರೀಯ ಮಾನದಂಡವಾಯಿತು. ಅಂದಿನ ಸಿಆರ್‌ಟಿ ಮಾನಿಟರುಗಳು ತೋರಿಸಬಲ್ಲ ಬಣ್ಣಗಳನ್ನು ಗಮನದಲ್ಲಿಟ್ಟುಕೊಂಡೇ ರೂಪಿಸಿದ್ದರಿಂದ ಅದರ ವ್ಯಾಪ್ತಿ ಚಿಕ್ಕದು. ಆದರೂ ಪ್ರೊಫೈಲ್ (ಯಾವ ಸ್ಪೇಸ್ ಎಂದು ಹೇಳುವ ಗುರುತು) ಇಲ್ಲದ ಚಿತ್ರವನ್ನು ಜಾಲದಲ್ಲಿ ಎಸ್‌ಆರ್‌ಜಿಬಿ ಎಂದೇ ಪರಿಗಣಿಸುವ ರೂಢಿ ಇರುವುದರಿಂದ, ಎಲ್ಲಿ ತೆರೆದರೂ ಹೆಚ್ಚುಕಡಿಮೆ ಸರಿಯಾಗಿ ಕಾಣುವ ಸ್ಪೇಸ್ ಇಂದಿಗೂ ಅದೊಂದೇ.

ಅಡೋಬ್ ಆರ್‌ಜಿಬಿ 1998ರಲ್ಲಿ ಫೋಟೋಶಾಪ್ 5ರ ಜೊತೆಗೆ ಬಂತು. (ಮೊದಲಿಗೆ ಅದರ ಮೇಲೆ ದೂರದರ್ಶನದ ಒಂದು ಮಾನದಂಡದ ಹೆಸರಿತ್ತು. ಅಂಕಿಗಳು ಆ ಮಾನದಂಡಕ್ಕೆ ಹೊಂದುವುದಿಲ್ಲವೆಂದು ತಿಳಿಯುವ ಹೊತ್ತಿಗೆ ಬಳಕೆದಾರರು ಅದನ್ನು ಮೆಚ್ಚಿಕೊಂಡಿದ್ದರು; ಹಾಗಾಗಿ ಅಂಕಿಗಳನ್ನು ಉಳಿಸಿಕೊಂಡು ಹೆಸರನ್ನು ಬದಲಿಸಲಾಯಿತು.) ಇದರ ಕೆಂಪು ಮತ್ತು ನೀಲಿ ಮೂಲವರ್ಣಗಳು ಎಸ್‌ಆರ್‌ಜಿಬಿಯವೇ, ಹಸಿರು ಮಾತ್ರ ಬಹಳ ಆಚೆಗೆ ಸರಿದಿದೆ. ಅಂದರೆ ಹಸಿರು ಮತ್ತು ಹಸಿರುನೀಲಿಯ ಕಡೆಗೆ ಇದರ ವ್ಯಾಪ್ತಿ ದೊಡ್ಡದಾಗುತ್ತದೆ. ಮುದ್ರಣದ ಸಯಾನ್ ಶಾಯಿಯಿಂದ ಸಿಗುವ ಕೆಲವು ಬಣ್ಣಗಳು ಎಸ್‌ಆರ್‌ಜಿಬಿಯ ಹೊರಗೆ ಬೀಳುವುದರಿಂದ ಮುದ್ರಣದವರಿಗೆ ಈ ವಿಸ್ತರಣೆ ಬೇಕಾಗಿತ್ತು.

ಡಿಸ್‌ಪ್ಲೇ ಪಿ3 ಹುಟ್ಟಿದ್ದು ಡಿಜಿಟಲ್ ಸಿನಿಮಾ ಪ್ರದರ್ಶನದ ಪಿ3 ಮೂಲವರ್ಣಗಳಿಂದ. ಆಪಲ್ ಸಂಸ್ಥೆ ಅವಕ್ಕೆ ಎಸ್‌ಆರ್‌ಜಿಬಿಯ ಬಿಳಿ ಬಿಂದುವನ್ನೂ ಟೋನ್ ಕರ್ವನ್ನೂ ಜೋಡಿಸಿ 2015ರ ಐಮ್ಯಾಕ್‌ನಲ್ಲಿ ತಂದಿತು. 2016ರ ಐಫೋನ್ 7ರಿಂದ ಫೋನಿನ ಕ್ಯಾಮೆರಾ ಕೂಡ ಅದರಲ್ಲೇ ಚಿತ್ರ ಉಳಿಸತೊಡಗಿತು. ಇಲ್ಲಿ ನೀಲಿ ಮಾತ್ರ ಎಸ್‌ಆರ್‌ಜಿಬಿಯದು, ಕೆಂಪು ಮತ್ತು ಹಸಿರು ಎರಡೂ ಆಚೆಗೆ ಸರಿದಿವೆ. ಹೂವು, ಹಣ್ಣು, ಬಟ್ಟೆ, ಸೂರ್ಯಾಸ್ತ ಇವುಗಳ ಕೆಂಪು ಮತ್ತು ಕಿತ್ತಳೆಗೆ ಲಾಭವಾಗುವುದು ಇಲ್ಲಿಯೇ ಹೊರತು ಅಡೋಬ್ ಆರ್‌ಜಿಬಿಯಲ್ಲಿ ಅಷ್ಟಾಗಿ ಅಲ್ಲ. ಎಸ್‌ಆರ್‌ಜಿಬಿ ಕಣ್ಣಿಗೆ ಕಾಣುವ ಬಣ್ಣಗಳ ಮೂರನೇ ಒಂದು ಭಾಗ, ಅಡೋಬ್ ಆರ್‌ಜಿಬಿ ಸುಮಾರು ಅರ್ಧ ಎಂಬಂಥ ಮಾತುಗಳು ಕೇಳಿಬರುತ್ತವೆ. ಆಯ್ಕೆಗೆ ಈ ಶೇಕಡಾ ಲೆಕ್ಕ ಹೆಚ್ಚು ನೆರವಾಗುವುದಿಲ್ಲ. ವ್ಯಾಪ್ತಿ ಯಾವ ಬಣ್ಣದ ಕಡೆಗೆ ಚಾಚಿದೆ ಎಂಬುದು ನಿಮ್ಮ ವಿಷಯವಸ್ತುವಿಗೆ ಹೊಂದುತ್ತದೆಯೇ ಎಂದು ನೋಡುವುದು ಮೇಲು.

ಪ್ರೊಫೋಟೋ ಆರ್‌ಜಿಬಿ ಕೊಡ್ಯಾಕ್ ಸಂಸ್ಥೆ ರೂಪಿಸಿದ್ದು. ಉಳಿದ ಮೂರರ ಬಿಳಿ ಬಿಂದು ಡಿ65 (ಹಗಲಿನ ಬೆಳಕಿನ ಬಿಳಿ) ಆಗಿದ್ದರೆ ಇದರದು ಡಿ50 (ತುಸು ಹಳದಿಯ ಬಿಳಿ), ಟೋನ್ ಕರ್ವ್‌ನ ಬಾಗನ್ನು ಹೇಳುವ ಗಾಮಾ 1.8. ಅದರ ಹಸಿರು ಮತ್ತು ನೀಲಿ ಮೂಲವರ್ಣಗಳು ಕಣ್ಣು ಕಾಣಬಲ್ಲ ಬಣ್ಣಗಳ ಎಲ್ಲೆಯನ್ನೇ ದಾಟಿವೆ, ಆದ್ದರಿಂದ ಅದರ ಅಂಕಿಗಳಲ್ಲಿ ಸುಮಾರು 13 ಶೇಕಡಾದಷ್ಟಕ್ಕೆ ಎದುರಾಗಿ ಯಾವ ನಿಜವಾದ ಬಣ್ಣವೂ ಇಲ್ಲ. ಯಾವ ಮಾನಿಟರೂ ಇದನ್ನು ಪೂರ್ತಿಯಾಗಿ ತೋರಿಸಲಾರದು. ನೋಡುವುದಕ್ಕಲ್ಲ, ಕೆಲಸ ಮಾಡುವಾಗ ಬಣ್ಣ ಎಲ್ಲೂ ಗೋಡೆಗೆ ಬಡಿಯದಂತೆ ಜಾಗ ಬಿಡುವುದಕ್ಕಾಗಿ ಇರುವ ಸ್ಪೇಸ್ ಇದು.

ಒಂದೇ ಕೆಂಪು, ನಾಲ್ಕು ಲೆಕ್ಕ

ಬಿಸಿಲು ಬಿದ್ದ ಗಾಢ ಕೆಂಪು ಎಸಳಿನ ಒಂದೇ ಒಂದು ಪಿಕ್ಸೆಲನ್ನು ತೆಗೆದುಕೊಳ್ಳೋಣ. ಟೋನ್ ಕರ್ವ್ ಹಚ್ಚುವ ಮೊದಲಿನ ನೇರ ಬೆಳಕಿನ ಲೆಕ್ಕದಲ್ಲಿ, ಎಸ್‌ಆರ್‌ಜಿಬಿಯ ಮಾಪನದಂತೆ ಅದರ ಮೌಲ್ಯ ಕೆಂಪು 1.15, ಹಸಿರು -0.02, ನೀಲಿ 0.03 ಎಂದಿಟ್ಟುಕೊಳ್ಳೋಣ. ಇಲ್ಲಿ 0 ಎಂದರೆ ಏನೂ ಇಲ್ಲ, 1 ಎಂದರೆ ಚಾನೆಲ್ ತುಂಬಿದೆ. ಕೆಂಪು 1ನ್ನು ದಾಟಿದೆ. ಹಸಿರು ಸೊನ್ನೆಗಿಂತ ಕೆಳಗೆ ಹೋಗಿದೆ. ಋಣಾತ್ಮಕ ಹಸಿರು ಎಂದರೆ ಎಸ್‌ಆರ್‌ಜಿಬಿಯ ಹಸಿರನ್ನು ಪೂರ್ತಿ ನಂದಿಸಿದರೂ ಈ ಕೆಂಪಿನಷ್ಟು ಶುದ್ಧತೆ ಸಿಗುವುದಿಲ್ಲ ಎಂದರ್ಥ.

ಇದೇ ಬಣ್ಣವನ್ನು 8 ಬಿಟ್ ಅಂಕಿಗಳಿಗೆ ಇಳಿಸಿದರೆ ಪ್ರೊಫೋಟೋದಲ್ಲಿ 193, 70, 44 ಆಗುತ್ತದೆ. ಮೂರೂ ಚಾನೆಲ್‌ಗಳು ಎರಡೂ ತುದಿಗಳಿಂದ ದೂರ ಇವೆ. ಡಿಸ್‌ಪ್ಲೇ ಪಿ3ಯಲ್ಲಿ 248, 37, 60. ಅಂಚಿನ ಹತ್ತಿರ ಬಂದಿದೆ, ಆದರೂ ಒಳಗಿದೆ. ಅಡೋಬ್ ಆರ್‌ಜಿಬಿಯಲ್ಲಿ 233, 0, 50. ಕೆಂಪಿಗೆ ಜಾಗ ಸಿಕ್ಕಿದೆ, ಹಸಿರು ಮಾತ್ರ ಸೊನ್ನೆಗೆ ಬಡಿದಿದೆ. ಎಸ್‌ಆರ್‌ಜಿಬಿಯಲ್ಲಿ 255, 0, 48. ಎರಡೂ ತುದಿಯಲ್ಲಿ ಕತ್ತರಿಸಿಹೋಗಿದೆ. ಅಡೋಬ್ ಆರ್‌ಜಿಬಿಯ ಕೆಂಪು ಮೂಲವರ್ಣ ಎಸ್‌ಆರ್‌ಜಿಬಿಯದೇ ಆಗಿದ್ದರೂ ಅಲ್ಲಿ 233 ಎಂದೇಕೆ ಬಂತೆಂದರೆ, ಬಿಳಿಯ ಒಟ್ಟು ಪ್ರಖರತೆಯಲ್ಲಿ ಕೆಂಪಿನ ಪಾಲು ಎಸ್‌ಆರ್‌ಜಿಬಿಯಲ್ಲಿ ಸುಮಾರು 21 ಶೇಕಡಾ, ಅಡೋಬ್ ಆರ್‌ಜಿಬಿಯಲ್ಲಿ ಸುಮಾರು 30 ಶೇಕಡಾ. ಎಸ್‌ಆರ್‌ಜಿಬಿಯ ತುಂಬಿದ ಕೆಂಪು, ಅಂದರೆ 255, 0, 0, ಅಡೋಬ್ ಆರ್‌ಜಿಬಿಗೆ ಬಂದರೆ 219, 0, 0 ಮಾತ್ರ. ಹಾಗಾಗಿ ಅಷ್ಟೇ ಗಾಢವಾದರೂ ಹೆಚ್ಚು ಪ್ರಖರವಾದ ಕೆಂಪು ಅಲ್ಲಿ ಹಿಡಿಸುತ್ತದೆ, ಹೆಚ್ಚು ಗಾಢವಾದ ಕೆಂಪು ಹಿಡಿಸುವುದಿಲ್ಲ.

ಈ ಪಿಕ್ಸೆಲ್‌ನ ಒಟ್ಟು ಪ್ರಖರತೆ ಬಿಳಿಯ 23 ಶೇಕಡಾದಷ್ಟು ಮಾತ್ರ ಎಂಬುದನ್ನು ಇಲ್ಲಿ ಗಮನಿಸಬೇಕು. ಯಾವ ಅರ್ಥದಲ್ಲಿಯೂ ಇದು ಬೆಳಕು ಹೆಚ್ಚಾದ ಜಾಗವಲ್ಲ. ಹಾಗಿದ್ದೂ ಎಸ್‌ಆರ್‌ಜಿಬಿಯ ಹಿಸ್ಟೋಗ್ರಾಂ ಕೆಂಪು ಹೈಲೈಟ್ ಕ್ಲಿಪ್ ಆಗಿದೆ ಎಂದು ಎಚ್ಚರಿಸುತ್ತದೆ.

ಈಗ ಪಕ್ಕದಲ್ಲೇ ಎಸಳಿನ ತೆಳುವಾದ ಗೆರೆಯೊಂದಿದೆ, ಅಲ್ಲಿ ಕೆಂಪು 1.05ರಷ್ಟಿದೆ ಎಂದುಕೊಳ್ಳಿ. ಡಿಸ್‌ಪ್ಲೇ ಪಿ3ಯಲ್ಲಿ ಎಸಳಿನ ಕೆಂಪು 248, ಗೆರೆಯದು 239, ಗೆರೆ ಕಾಣುತ್ತದೆ. ಎಸ್‌ಆರ್‌ಜಿಬಿಯಲ್ಲಿ ಎರಡೂ 255, ಗೆರೆ ಅಳಿಸಿಹೋಗುತ್ತದೆ. ಕೆಂಪು ಗುಲಾಬಿಯ ಫೋಟೋಗಳಲ್ಲಿ ಎಸಳುಗಳು ಒಂದಕ್ಕೊಂದು ಅಂಟಿಕೊಂಡು ಬಣ್ಣ ಬಳಿದ ಹಾಳೆಯಂತೆ ಕಾಣುವುದಕ್ಕೆ ಕಾರಣ ಹೆಚ್ಚಾಗಿ ಲೆನ್ಸೂ ಅಲ್ಲ, ಫೋಕಸ್ಸೂ ಅಲ್ಲ, ಇದೇ.

ಎಕ್ಸ್‌ಪೋಶರ್ ಇಳಿಸಿದರೆ ಏನಾಗುತ್ತದೆ? ಎಕ್ಸ್‌ಪೋಶರ್ ಎಂದರೆ ಮೂರೂ ಚಾನೆಲ್‌ಗಳನ್ನು ಒಂದೇ ಸಂಖ್ಯೆಯಿಂದ ಗುಣಿಸುವುದು. 0.2 ಸ್ಟಾಪ್ (ಒಂದು ಸ್ಟಾಪ್ ಇಳಿಸುವುದೆಂದರೆ ಬೆಳಕನ್ನು ಅರ್ಧ ಮಾಡುವುದು) ಇಳಿಸಿದರೆ 1.15 ಹೆಚ್ಚುಕಡಿಮೆ 1ಕ್ಕೆ ಬರುತ್ತದೆ, ಕೆಂಪಿನ ವಿವರ ಮರಳುತ್ತದೆ. ಆದರೆ -0.02 ಅನ್ನು ಎಷ್ಟರಿಂದ ಗುಣಿಸಿದರೂ ಅದು ಸೊನ್ನೆಯ ಕೆಳಗೇ ಉಳಿಯುತ್ತದೆ. ಬಣ್ಣದ ವ್ಯಾಪ್ತಿಯ ತೊಂದರೆಯನ್ನು ಎಕ್ಸ್‌ಪೋಶರ್‌ನಿಂದ ನೀಗಿಸಲು ಹೊರಟವರು ಫೋಟೋವನ್ನು ಕತ್ತಲಾಗಿಸುತ್ತಲೇ ಹೋಗುವುದು ಇದೇ ಕಾರಣಕ್ಕೆ. ಬದಲಿಗೆ ಆ ಬಣ್ಣಕ್ಕೆ ಅಷ್ಟೇ ಪ್ರಖರತೆಯ ಬೂದುಬಣ್ಣವನ್ನು ಆರರಲ್ಲಿ ಒಂದು ಪಾಲು ಬೆರೆಸಿದರೆ ಕೆಂಪೂ ಹಸಿರೂ ಏಕಕಾಲಕ್ಕೆ ಎಸ್‌ಆರ್‌ಜಿಬಿಯ ಒಳಗೆ ಬರುತ್ತವೆ, ಪ್ರಖರತೆ ಕುಂದುವುದಿಲ್ಲ. ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸುವುದೆಂದರೆ ಸ್ಥೂಲವಾಗಿ ಇದೇ ಲೆಕ್ಕ.

ಎಲ್ಲಿ ಕತ್ತರಿಸಿತು?

ಕ್ಲಿಪ್ಪಿಂಗ್ ನಡೆಯುವ ಜಾಗಗಳು ನಾಲ್ಕು. ಪರಿಹಾರವಿರುವುದು ಎಲ್ಲಕ್ಕೂ ಅಲ್ಲ. ಮೊದಲನೆಯದು ಸೆನ್ಸರ್. ಪಿಕ್ಸೆಲ್‌ನ ಹಿಡಿತ ತುಂಬಿದ ಮೇಲೆ ಎಷ್ಟು ಬೆಳಕು ಬಿದ್ದರೂ ಅಂಕಿ ಮೇಲೇರುವುದಿಲ್ಲ; 14 ಬಿಟ್ ರಾ ಫೈಲಿನಲ್ಲಿ (ಸೆನ್ಸರ್ ದಾಖಲಿಸಿದ, ಇನ್ನೂ ಸಂಸ್ಕರಿಸದ ಮಾಹಿತಿಯ ಕಡತದಲ್ಲಿ) 16,384 ಮಟ್ಟಗಳಿದ್ದರೂ ಅದರಾಚೆಗಿನದು ದಾಖಲಾಗಿಯೇ ಇಲ್ಲ. ಮೂರೂ ಚಾನೆಲ್‌ಗಳು ತುಂಬಿದ್ದರೆ ಯಾವ ಕಲರ್ ಸ್ಪೇಸ್ ಆರಿಸಿದರೂ ಏನೂ ಮರಳದು. ಒಂದೋ ಎರಡೋ ತುಂಬಿದ್ದರೆ, ಉಳಿದ ಚಾನೆಲ್‌ನ ಆಧಾರದ ಮೇಲೆ ರಾ ಪರಿವರ್ತಕಗಳು ಅಂದಾಜಿನಿಂದ ವಿವರವನ್ನು ಕಟ್ಟಿಕೊಡುತ್ತವೆ. ಹೈಲೈಟ್ಸ್ ಸ್ಲೈಡರ್ ಎಳೆದಾಗ ಮೋಡದಲ್ಲಿ ಮತ್ತೆ ಆಕಾರ ಮೂಡುವುದರ ಹಿಂದೆ ಎಷ್ಟೋ ಸಲ ಈ ಅಂದಾಜಿನ ಪಾಲೂ ಇರುತ್ತದೆ.

ಎರಡನೆಯದು ವೈಟ್ ಬ್ಯಾಲೆನ್ಸ್. ಹಗಲಿನ ಬೆಳಕಿನಲ್ಲಿ ಬಹುಪಾಲು ಸೆನ್ಸರ್‌ಗಳ ಹಸಿರು ಚಾನೆಲ್ ಮೊದಲು ತುಂಬುತ್ತದೆ. ಕೆಂಪು ಮತ್ತು ನೀಲಿಯನ್ನು ಅದಕ್ಕೆ ಸರಿದೂಗಿಸಲು ಗುಣಿಸಬೇಕಾಗುತ್ತದೆ, ಕೆಂಪನ್ನು ಸುಮಾರು ಎರಡರಿಂದ ಗುಣಿಸುವುದೂ ಉಂಟು. ಹೀಗೆ ಗುಣಿಸಿದಾಗ ಸೆನ್ಸರ್‌ನಲ್ಲಿ ಅರ್ಧವಷ್ಟೇ ತುಂಬಿದ್ದ ಕೆಂಪು, ಪರಿವರ್ತನೆಯ ಬಳಿಕ ತುದಿ ಮುಟ್ಟಿದಂತೆ ಕಾಣಬಹುದು. ಇದು ನಿಜವಾದ ನಷ್ಟವಲ್ಲ. ರಾ ಫೈಲಿನಲ್ಲಿ ಮಾಹಿತಿ ಇದ್ದೇ ಇದೆ. ಇದರ ಇನ್ನೊಂದು ಮುಖವೂ ಇದೆ. ಹಸಿರು ನಿಜಕ್ಕೂ ತುಂಬಿ ನಿಂತಿದ್ದು ಕೆಂಪು, ನೀಲಿ ಮಾತ್ರ ಗುಣಿಸಿ ಮೇಲೇರಿದರೆ, ಬಿಳಿಯಾಗಬೇಕಾದ ಹೈಲೈಟ್ ತೆಳು ನೇರಳೆಗುಲಾಬಿಗೆ ತಿರುಗುತ್ತದೆ. ಆ ಛಾಯೆ ಕಂಡರೆ ಸೆನ್ಸರ್ ಮಟ್ಟದಲ್ಲೇ ಕ್ಲಿಪ್ ಆಗಿದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು.

ಮೂರನೆಯದು ನಾವೇ ಎಳೆದ ಸ್ಲೈಡರ್‌ಗಳದು, ಅಂದರೆ ಎಕ್ಸ್‌ಪೋಶರ್, ವೈಟ್ಸ್, ಕಾಂಟ್ರಾಸ್ಟ್ ಮತ್ತು ಕರ್ವ್. ಹಿಂದಕ್ಕೆ ಎಳೆದರೆ ಮುಗಿಯಿತು. ನಾಲ್ಕನೆಯದು ಮೇಲೆ ಕಂಡ ಕೆಂಪು ಹೂವಿನದು: ದೊಡ್ಡ ಸ್ಪೇಸ್‌ನಿಂದ ಚಿಕ್ಕ ಸ್ಪೇಸ್‌ಗೆ ಪರಿವರ್ತಿಸುವಾಗ ಹೊರಗುಳಿದ ಬಣ್ಣಗಳು ಅಂಚಿಗೆ ಬಡಿಯುವುದು.

ಇವನ್ನು ಗುರುತಿಸಲು ಸುಲಭವಾದ ದಾರಿಯೆಂದರೆ ಕರ್ಸರನ್ನು ಆ ಜಾಗದ ಮೇಲಿಟ್ಟು ಮೂರೂ ಅಂಕಿಗಳನ್ನು ಓದುವುದು. ಮೂರೂ 255ರ ಆಸುಪಾಸಿನಲ್ಲಿದ್ದರೆ ಅದು ಬೆಳಕಿನ ಕ್ಲಿಪ್ಪಿಂಗ್. ಒಂದು 255, ಇನ್ನೊಂದು 0 ಎಂದಿದ್ದರೆ ಅದು ಬಣ್ಣದ ವ್ಯಾಪ್ತಿಯ ಕ್ಲಿಪ್ಪಿಂಗ್. ಒಂದೇ ಪಿಕ್ಸೆಲ್‌ನಲ್ಲಿ ಹೈಲೈಟ್ ಮತ್ತು ಶ್ಯಾಡೋ ಎರಡೂ ಎಚ್ಚರಿಕೆಗಳು ಹೊತ್ತಿಕೊಳ್ಳುವ ವಿಚಿತ್ರ ಕಾಣುವುದು ಇಲ್ಲಿಯೇ. ನಡುವಿನ ಸ್ಥಿತಿಯೂ ಉಂಟು, ಅದನ್ನು ಕಣ್ಣು ಛಾಯೆಯ ಬದಲಾವಣೆಯಾಗಿ ಗುರುತಿಸುತ್ತದೆ. ಆಕಾಶದ ನೀಲಿ ಚಾನೆಲ್ ತುದಿಯಲ್ಲಿ ನಿಂತು ಹಸಿರು ಮಾತ್ರ ಏರುತ್ತಾ ಹೋದರೆ ಸೂರ್ಯನ ಸುತ್ತಲಿನ ಆಕಾಶ ಹಸಿರುನೀಲಿಯಾಗುತ್ತದೆ. ಸೂರ್ಯಾಸ್ತದಲ್ಲಿ ಕೆಂಪು ನಿಂತು ಹಸಿರು ಏರಿದರೆ ಕಿತ್ತಳೆ ಹಳದಿಗೆ ಜಾರುತ್ತದೆ; ಚರ್ಮದ ಮೇಲಿನ ಬೆಳಕಿನ ತೇಪೆಗಳೂ ಹೀಗೆಯೇ ಹಳದಿಯಾಗುತ್ತವೆ. ವಿವರ ಕಳೆದುಹೋದುದಕ್ಕಿಂತ ಈ ಛಾಯೆಯ ಜಾರುವಿಕೆಯೇ ನೋಡುವವರ ಕಣ್ಣಿಗೆ ಹೆಚ್ಚು ಚುಚ್ಚುತ್ತದೆ.

ಹಿಸ್ಟೋಗ್ರಾಂ ಹೇಳುವುದು ಯಾವ ಸ್ಪೇಸ್‌ನ ಲೆಕ್ಕ?

ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಕಾಣುವ ಹಿಸ್ಟೋಗ್ರಾಂ ಸಾಮಾನ್ಯವಾಗಿ ರಾ ಮಾಹಿತಿಯದ್ದಲ್ಲ. ವೈಟ್ ಬ್ಯಾಲೆನ್ಸ್, ಪಿಕ್ಚರ್ ಸ್ಟೈಲ್ ಮತ್ತು ಆಯ್ದ ಕಲರ್ ಸ್ಪೇಸ್ ಎಲ್ಲವನ್ನೂ ಹಚ್ಚಿ ತಯಾರಿಸಿದ ಜೆಪೆಗ್‌ನದ್ದು. ಆದ್ದರಿಂದ ಅಲ್ಲಿ ಕೆಂಪು ಕ್ಲಿಪ್ ಆಗಿದೆ ಎಂದು ಕಂಡರೆ ಸೆನ್ಸರ್ ತುಂಬಿದೆ ಎಂದು ತೀರ್ಮಾನಿಸಬಾರದು. ರಾ ಮಾಹಿತಿಯನ್ನೇ ನೋಡಬೇಕೆಂದರೆ ರಾಡಿಗ್ಗರ್, ಫಾಸ್ಟ್‌ರಾವ್ಯೂವರ್‌ನಂಥ ತಂತ್ರಾಂಶಗಳಿವೆ.

ಅಡೋಬ್ ಕ್ಯಾಮೆರಾ ರಾ ಎಂಬ ರಾ ಪರಿವರ್ತಕದಲ್ಲಿ ಹಿಸ್ಟೋಗ್ರಾಂ ಮತ್ತು ಕ್ಲಿಪ್ಪಿಂಗ್ ಎಚ್ಚರಿಕೆಗಳು ನೀವು ಆರಿಸಿಕೊಂಡ ಔಟ್‌ಪುಟ್ ಸ್ಪೇಸ್‌ಗೆ ಅನುಗುಣವಾಗಿ ಬದಲಾಗುತ್ತವೆ. ಅಲ್ಲಿ ಎಸ್‌ಆರ್‌ಜಿಬಿಯಿಂದ ಪ್ರೊಫೋಟೋಗೆ ಬದಲಿಸಿದ ಕ್ಷಣವೇ ಹೂವಿನ ಮೇಲಿನ ಎಚ್ಚರಿಕೆ ಮಾಯವಾದರೆ, ತೊಂದರೆ ಬೆಳಕಿನದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇದಕ್ಕಿಂತ ಬೇಗನೆ ಉತ್ತರ ಕೊಡುವ ಪರೀಕ್ಷೆ ನನಗೆ ತಿಳಿದಂತೆ ಬೇರೊಂದಿಲ್ಲ.

ಲೈಟ್‌ರೂಮ್ ಕ್ಲಾಸಿಕ್‌ನ ಡೆವಲಪ್ ವಿಭಾಗ ಇದಕ್ಕಿಂತ ಭಿನ್ನ. ಅದು ಒಳಗೆ ಪ್ರೊಫೋಟೋದ ಮೂಲವರ್ಣಗಳಲ್ಲೇ ಕೆಲಸ ಮಾಡುತ್ತದೆ. ಹಿಸ್ಟೋಗ್ರಾಂ ಆ ಮೂಲವರ್ಣಗಳಿಗೆ ಎಸ್‌ಆರ್‌ಜಿಬಿಯ ಟೋನ್ ಕರ್ವ್ ಹಚ್ಚಿ ತೋರಿಸುತ್ತದೆ, ಅಂಕಿಗಳನ್ನು ಶೇಕಡಾದಲ್ಲಿ ಕೊಡುತ್ತದೆ. ಪರಿಣಾಮವೆಂದರೆ, ಡೆವಲಪ್‌ನಲ್ಲಿ ಒಂದೂ ಎಚ್ಚರಿಕೆಯಿಲ್ಲದ ಫೋಟೋ ಎಸ್‌ಆರ್‌ಜಿಬಿ ಜೆಪೆಗ್ ಆಗಿ ಹೊರಬಂದ ಮೇಲೆ ಕೆಂಪು ಪೂರ್ತಿ ಬಡಿದುಕೊಂಡಿರಬಹುದು. ಇದನ್ನು ಮೊದಲೇ ನೋಡಲು ಸಾಫ್ಟ್ ಪ್ರೂಫಿಂಗ್ ಇದೆ. ಎಸ್ ಕೀಲಿ ಒತ್ತಿ ಗುರಿಯ ಪ್ರೊಫೈಲ್ ಆರಿಸಿದರೆ ಹಿಸ್ಟೋಗ್ರಾಂ ಆ ಸ್ಪೇಸ್‌ನ ಲೆಕ್ಕಕ್ಕೆ ಬದಲಾಗುತ್ತದೆ, ವ್ಯಾಪ್ತಿಯ ಹೊರಗಿನ ಬಣ್ಣಗಳ ಮೇಲೆ ಗುರುತು ಬೀಳುವಂತೆಯೂ ಮಾಡಬಹುದು. ಜೆ ಕೀಲಿ ಒತ್ತಿದರೆ ಸಿಗುವ ಮಾಮೂಲಿ ಕ್ಲಿಪ್ಪಿಂಗ್ ಎಚ್ಚರಿಕೆ ಈ ಕೆಲಸಕ್ಕೆ ಸಾಲದು.

ಡಾರ್ಕ್‌ಟೇಬಲ್ ಈ ಭೇದವನ್ನು ಇನ್ನೂ ಸ್ಪಷ್ಟವಾಗಿ ಇಟ್ಟಿದೆ: ರಾ ಮಟ್ಟದ ಅತಿ ಬೆಳಕಿಗೆ ಒಂದು ಗುಂಡಿ, ಪರಿವರ್ತಿತ ಚಿತ್ರದ ಕ್ಲಿಪ್ಪಿಂಗ್‌ಗೆ ಇನ್ನೊಂದು, ಬಣ್ಣದ ವ್ಯಾಪ್ತಿಯ ಪರೀಕ್ಷೆಗೆ ಮತ್ತೊಂದು. ಅದು ಸಾಮಾನ್ಯವಾಗಿ ಕೆಲಸ ಮಾಡುವುದು ರೆಕ್ 2020 ಎಂಬ ವಿಶಾಲ ಸ್ಪೇಸ್‌ನ ಮೂಲವರ್ಣಗಳಲ್ಲಿ. ರಾಥೆರಪಿಯಲ್ಲಿಯೂ ರಾ ಹಿಸ್ಟೋಗ್ರಾಂ ನೋಡುವ ಸೌಲಭ್ಯವಿದೆ.

ಕ್ಯಾಮೆರಾದಲ್ಲಿ ಯಾವುದು, ಕೆಲಸಕ್ಕೆ ಯಾವುದು

ರಾ ಫೈಲಿಗೆ ಕ್ಯಾಮೆರಾದ ಕಲರ್ ಸ್ಪೇಸ್ ಸೆಟ್ಟಿಂಗ್ ತಾಗುವುದಿಲ್ಲ. ಅದು ತಟ್ಟುವುದು ಜೆಪೆಗ್‌ಗೆ, ಮತ್ತು ಪರದೆಯ ಹಿಸ್ಟೋಗ್ರಾಂಗೆ. ಅಡೋಬ್ ಆರ್‌ಜಿಬಿ ಆರಿಸಿದ್ದರೆ ಕಡತದ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾಗುತ್ತದೆ, ಹಾಗಾಗಿ ಹಳೆಯ ಫೋಟೋಗಳಲ್ಲಿ ಯಾವುದು ಯಾವುದರಲ್ಲಿದೆ ಎಂಬುದನ್ನು ಹೆಸರಿನಿಂದಲೇ ಊಹಿಸಬಹುದು. ರಾದಲ್ಲಿಯೇ ತೆಗೆಯುವವರು ಅಡೋಬ್ ಆರ್‌ಜಿಬಿ ಇಟ್ಟುಕೊಳ್ಳುವುದರಿಂದ ಒಂದು ಚಿಕ್ಕ ಲಾಭವುಂಟು: ಮೇಲೆ ಕಂಡಂತೆ ಕೆಂಪಿನ ಅಂಕಿ ಅಲ್ಲಿ ಕಡಿಮೆ ಬರುವುದರಿಂದ ಹಿಸ್ಟೋಗ್ರಾಂ ಅನಗತ್ಯವಾಗಿ ಹೆದರಿಸುವುದಿಲ್ಲ. ಕಾಂಟ್ರಾಸ್ಟ್ ಮತ್ತು ಸ್ಯಾಚುರೇಶನ್ ಕಡಿಮೆಯಿರುವ ಪಿಕ್ಚರ್ ಸ್ಟೈಲ್ ಜೊತೆಗಿದ್ದರೆ ಅದು ಸೆನ್ಸರ್‌ನ ನಿಜಸ್ಥಿತಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ಜೆಪೆಗ್‌ನಲ್ಲಿಯೇ ತೆಗೆದು ಹಾಗೆಯೇ ಹಂಚಿಕೊಳ್ಳುವವರಿಗೆ ಎಸ್‌ಆರ್‌ಜಿಬಿಯೇ ಸರಿ. ಕ್ಯಾಮೆರಾದಿಂದ ನೇರವಾಗಿ ಅಡೋಬ್ ಆರ್‌ಜಿಬಿ ಜೆಪೆಗ್ ತೆಗೆಯುವುದು ಈ ಎಲ್ಲ ಆಯ್ಕೆಗಳಲ್ಲಿ ಅತ್ಯಂತ ಕಡಿಮೆ ಉಪಯೋಗದ್ದು ಎಂಬುದು ನನ್ನ ಅಭಿಪ್ರಾಯ. ಪ್ರತಿ ಸಲ ಹಂಚಿಕೊಳ್ಳುವ ಮೊದಲು ಪರಿವರ್ತಿಸುವ ತಾಪತ್ರಯ ಅಲ್ಲಿರುತ್ತದೆ, 8 ಬಿಟ್‌ನ ಇಕ್ಕಟ್ಟೂ ಇರುತ್ತದೆ. ವಿಶಾಲ ವ್ಯಾಪ್ತಿ ಬೇಕೆನ್ನುವವರು ರಾ ತೆಗೆಯುವುದೇ ಒಳ್ಳೆಯದು.

ಎಡಿಟಿಂಗ್‌ನ ಸ್ಪೇಸ್ ಆರಿಸುವಾಗ ಬಿಟ್ ಡೆಪ್ತ್‌ನ ಪ್ರಶ್ನೆ ಜೊತೆಗೇ ಬರುತ್ತದೆ. 8 ಬಿಟ್‌ನಲ್ಲಿ ಪ್ರತಿ ಚಾನೆಲ್‌ಗೆ 256 ಮಟ್ಟಗಳು. ಅಷ್ಟೇ ಮಟ್ಟಗಳನ್ನು ಪ್ರೊಫೋಟೋದಂಥ ದೊಡ್ಡ ಸ್ಪೇಸ್‌ನಲ್ಲಿ ಹರಡಿದರೆ ಒಂದು ಮಟ್ಟದಿಂದ ಇನ್ನೊಂದಕ್ಕೆ ಅಂತರ ಹೆಚ್ಚುತ್ತದೆ. ಸಂಜೆಯ ಆಕಾಶದಂಥ ನಯವಾದ ಜಾಗದಲ್ಲಿ ಪಟ್ಟೆಗಳು ಮೂಡುತ್ತವೆ. ಹಾಗಾಗಿ ಪ್ರೊಫೋಟೋ ಎಂದರೆ 16 ಬಿಟ್ ಎಂದೇ ತಿಳಿಯಬೇಕು, ಇದರಲ್ಲಿ ರಾಜಿಗೆ ಅವಕಾಶವಿಲ್ಲ. ರಾದಿಂದ ಶುರುಮಾಡಿ ಲೈಟ್‌ರೂಮ್‌ನಿಂದ ಫೋಟೋಶಾಪ್‌ಗೆ ಒಯ್ಯುವವರಿಗೆ 16 ಬಿಟ್ ಟಿಫ್, ಪ್ರೊಫೋಟೋ ಎಂಬುದು ಒಳ್ಳೆಯ ಜೋಡಿ. ಆದರೆ ಎಸ್‌ಆರ್‌ಜಿಬಿ ಜೆಪೆಗ್ ಒಂದನ್ನು ತೆರೆದು ಪ್ರೊಫೋಟೋಗೆ ಪರಿವರ್ತಿಸಿದರೆ ಕಳೆದುಹೋದ ಬಣ್ಣ ಹುಟ್ಟಿಬರುವುದಿಲ್ಲ. ಅಲ್ಲಿ ಅದರ ಸ್ವಂತ ಸ್ಪೇಸ್‌ನಲ್ಲೇ ಕೆಲಸ ಮುಗಿಸುವುದು ಲೇಸು. ಮಾನಿಟರ್ ಎಸ್‌ಆರ್‌ಜಿಬಿಯಷ್ಟನ್ನೇ ತೋರಿಸುವುದಾದರೆ, ವಿಶಾಲ ಸ್ಪೇಸ್‌ನಲ್ಲಿ ಸ್ಯಾಚುರೇಶನ್ ಏರಿಸುವಾಗ ಕೈ ಬಿಗಿಹಿಡಿಯಬೇಕು, ಏಕೆಂದರೆ ಪರದೆಯ ಮಿತಿಯಾಚೆ ನಡೆಯುವ ಬದಲಾವಣೆ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಹೊರಗೆ ಕಳಿಸುವಾಗ

ಜಾಲತಾಣ, ಸಾಮಾಜಿಕ ಮಾಧ್ಯಮ, ಇಮೇಲ್ ಎಂದಾದರೆ ಎಸ್‌ಆರ್‌ಜಿಬಿ. ಈಗಿನ ಪ್ರಮುಖ ಬ್ರೌಸರ್‌ಗಳು ಪ್ರೊಫೈಲನ್ನು ಓದುತ್ತವೆಯಾದರೂ, ನಡುವೆ ಯಾರಾದರೂ ಆ ಪ್ರೊಫೈಲನ್ನು ಕಿತ್ತುಹಾಕಿದರೆ ಅಡೋಬ್ ಆರ್‌ಜಿಬಿ ಚಿತ್ರ ಪೇಲವವಾಗಿ ಕಾಣುತ್ತದೆ, ಪ್ರೊಫೋಟೋ ಚಿತ್ರವಂತೂ ಜೀವವಿಲ್ಲದಂತೆ ಬೂದಾಗುತ್ತದೆ. ಡಿಸ್‌ಪ್ಲೇ ಪಿ3 ಚಿತ್ರಕ್ಕೆ ಪ್ರೊಫೈಲ್ ತಪ್ಪಿದರೂ ಹಾನಿ ಸ್ವಲ್ಪ ಕಡಿಮೆ, ಏಕೆಂದರೆ ಅದರ ಟೋನ್ ಕರ್ವ್ ಮತ್ತು ಬಿಳಿ ಎಸ್‌ಆರ್‌ಜಿಬಿಯವೇ. ನೋಡುವವರು ಹೊಸ ಫೋನು, ಟ್ಯಾಬ್ಲೆಟ್‌ಗಳಲ್ಲಿ ನೋಡುತ್ತಾರೆಂಬ ಭರವಸೆಯಿದ್ದು, ಪ್ರೊಫೈಲ್ ಉಳಿಯುವ ಜಾಗವಾಗಿದ್ದರೆ, ಕೆಂಪು ಮತ್ತು ಕಿತ್ತಳೆ ಪ್ರಧಾನವಾದ ಚಿತ್ರಗಳಿಗೆ ಪಿ3 ಆರಿಸಿದ್ದು ಸಾರ್ಥಕವಾಗುತ್ತದೆ.

ಮುದ್ರಣಕ್ಕಾದರೆ ಮುದ್ರಿಸುವವರು ಕೇಳಿದ್ದನ್ನೇ ಕೊಡಬೇಕು. ಎಸ್‌ಆರ್‌ಜಿಬಿ ಕೇಳಿದವರಿಗೆ ಅಡೋಬ್ ಆರ್‌ಜಿಬಿ ಕೊಟ್ಟು ಹೆಚ್ಚಿನ ಬಣ್ಣ ನಿರೀಕ್ಷಿಸುವುದರಿಂದ ಪ್ರಯೋಜನವಿಲ್ಲ. ಸ್ವಂತ ಇಂಕ್‌ಜೆಟ್ ಪ್ರಿಂಟರ್, ಕಾಗದದ ಪ್ರೊಫೈಲ್, ಕ್ಯಾಲಿಬ್ರೇಟ್ ಮಾಡಿದ ಮಾನಿಟರ್ ಮೂರೂ ಇರುವವರಿಗೆ ಮಾತ್ರ ಅಡೋಬ್ ಆರ್‌ಜಿಬಿ ಅಥವಾ ಪ್ರೊಫೋಟೋದಿಂದ ನೇರವಾಗಿ ಮುದ್ರಿಸುವುದು ಹೊಂದುತ್ತದೆ.

ಪರಿವರ್ತನೆಯ ಸಂವಾದಪೆಟ್ಟಿಗೆಯಲ್ಲಿ ಕಾಣುವ ಪರ್ಸೆಪ್ಚುವಲ್ ಮತ್ತು ರೆಲೆಟಿವ್ ಕಲರಿಮೆಟ್ರಿಕ್ ಎಂಬ ಆಯ್ಕೆಗಳ ಬಗ್ಗೆ ಒಂದು ತಪ್ಪು ನಂಬಿಕೆ ಹರಡಿದೆ. ಪರ್ಸೆಪ್ಚುವಲ್ ಆರಿಸಿದರೆ ಹೊರಗಿನ ಬಣ್ಣಗಳೆಲ್ಲ ಮೆತ್ತಗೆ ಒಳಕ್ಕೆ ಸರಿದು ವಿವರ ಉಳಿಯುತ್ತದೆ ಎಂಬುದು ಆ ನಂಬಿಕೆ. ಪ್ರಿಂಟರ್ ಪ್ರೊಫೈಲ್‌ಗಳಲ್ಲಿ ಅದಕ್ಕೆ ಬೇಕಾದ ಕೋಷ್ಟಕ ಇರುವುದರಿಂದ ಅಲ್ಲಿ ಅದು ನಿಜ. ಆದರೆ ಸಾಮಾನ್ಯವಾಗಿ ಬಳಕೆಯಲ್ಲಿರುವ ಎಸ್‌ಆರ್‌ಜಿಬಿ, ಅಡೋಬ್ ಆರ್‌ಜಿಬಿ ಪ್ರೊಫೈಲ್‌ಗಳಲ್ಲಿ ಇರುವುದು ಮ್ಯಾಟ್ರಿಕ್ಸ್ (ಅಂಕಿಗಳನ್ನು ಗುಣಿಸಿ ಪರಿವರ್ತಿಸುವ ಸೂತ್ರ) ಮಾತ್ರ. ಯಾವುದನ್ನು ಆರಿಸಿದರೂ ಹೊರಗಿನ ಅಂಕಿಗಳನ್ನು 0 ಮತ್ತು 255ಕ್ಕೆ ಕತ್ತರಿಸುವುದೇ ನಡೆಯುತ್ತದೆ. ಆದ್ದರಿಂದ ಎಸ್‌ಆರ್‌ಜಿಬಿಗೆ ಇಳಿಸುವ ಮೊದಲು ಆ ಬಣ್ಣವನ್ನು ಕೈಯಿಂದಲೇ ಒಳಕ್ಕೆ ತರಬೇಕು: ಸಾಫ್ಟ್ ಪ್ರೂಫ್ ಹಚ್ಚಿ, ಎಚ್‌ಎಸ್‌ಎಲ್ ಫಲಕದಲ್ಲಿ (ಪ್ರತಿ ಬಣ್ಣದ ಛಾಯೆ, ಗಾಢತೆ, ಪ್ರಖರತೆಯನ್ನು ಬೇರೆಬೇರೆಯಾಗಿ ಬದಲಿಸುವ ಜಾಗ) ಆ ಒಂದು ಬಣ್ಣದ ಸ್ಯಾಚುರೇಶನ್ ಸ್ವಲ್ಪ ಇಳಿಸಿ, ಬೇಕಿದ್ದರೆ ಅದರ ಲ್ಯೂಮಿನನ್ಸ್‌ನ್ನೂ ತುಸು ಕುಗ್ಗಿಸುವುದು. ಹೂವಿನ ಮೇಲೆ ಮಾತ್ರ ಮಾಸ್ಕ್ ಹಾಕಿ ಮಾಡಿದರೆ ಉಳಿದ ಚಿತ್ರ ಹಾಗೆಯೇ ಉಳಿಯುತ್ತದೆ. ಫೋಟೋಶಾಪ್‌ನಲ್ಲಿ ಪ್ರೊಫೈಲ್ ಬದಲಿಸುವಾಗ ಕನ್ವರ್ಟ್ ಬಳಸಬೇಕೇ ಹೊರತು ಅಸೈನ್ ಅಲ್ಲ. ಕನ್ವರ್ಟ್ ಅಂಕಿಗಳನ್ನು ಬದಲಿಸಿ ಬಣ್ಣವನ್ನು ಉಳಿಸುತ್ತದೆ. ಅಸೈನ್ ಅಂಕಿಗಳನ್ನು ಉಳಿಸಿ ಬಣ್ಣವನ್ನೇ ಬದಲಿಸಿಬಿಡುತ್ತದೆ.

ಎಲ್ಲ ಎಚ್ಚರಿಕೆಗಳನ್ನೂ ನಂದಿಸಲೇಬೇಕೆಂಬ ಹಟ ಬೇಡ. ನೀರಿನ ಮೇಲಿನ ಸೂರ್ಯನ ಮಿಂಚು, ಲೋಹದ ಅಂಚಿನ ಹೊಳಪು, ಚೌಕಟ್ಟಿನೊಳಗೆ ಕಾಣುವ ದೀಪದ ಬುರುಡೆ ಇವು 255 ಮುಟ್ಟುವುದೇ ಸಹಜ; ಅವನ್ನು ಬಲವಂತವಾಗಿ ಕೆಳಗೆಳೆದರೆ ಹೊಳಪಿನ ಜಾಗದಲ್ಲಿ ಬೂದು ತೇಪೆ ಉಳಿಯುತ್ತದೆ. ಕಾಳಜಿ ಬೇಕಾದುದು ವಿಸ್ತಾರವಾದ, ವಿವರವಿರಬೇಕಾದ ಜಾಗಗಳ ಬಗ್ಗೆ, ಅಂದರೆ ಮೋಡ, ಮುಖ, ಬಿಳಿ ಬಟ್ಟೆ, ಗಾಢ ಬಣ್ಣದ ಹೂವು. ಎಕ್ಸ್‌ಪೋರ್ಟ್ ಆದ ಜೆಪೆಗ್‌ನ್ನು ಮತ್ತೆ ತೆರೆದು, ಅಂಥ ಜಾಗದ ಕೆಂಪು ಚಾನೆಲ್ ಒಂದನ್ನೇ ಕಪ್ಪುಬಿಳುಪಾಗಿ ನೋಡಿ. ಅಲ್ಲಿ ಎಸಳಿನ ಗೆರೆಗಳು ಕಂಡರೆ ಆ ಕಡತವನ್ನು ಕಳಿಸಬಹುದು. ಬರೀ ಬಿಳಿ ಹರಡಿಕೊಂಡಿದ್ದರೆ ಮತ್ತೆ ಎಚ್‌ಎಸ್‌ಎಲ್ ಫಲಕಕ್ಕೆ ಹೋಗಬೇಕಾಗುತ್ತದೆ.